ತಲೆಗೆ ನೀರು ಹುಯ್ದುಕೊಳ್ಳದ ಬೇಸಿಗೆ

ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕಿದ್ದ ಮರ್ಯಾದೆ ಮನುಷ್ಯರಿಗೆ ಇರಲಿಲ್ಲ. ಕೋಡಿಹಳ್ಳಿಯಲ್ಲಿ ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುತ್ತಿದ್ದ ಆ ಊರಿನಲ್ಲಿ ನಮ್ಮದು ದೊಡ್ಡ ಮನೆಯೇ. ಮುಂದೆ ಜಗಲಿ, ಜಗಲಿಯ ಮೇಲೆ ತಾತನ ಮಂಚ, ಒಳಗೆ ನಡುಮನೆ, ಅದರ ಪಕ್ಕಕ್ಕೆ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ. ಅಪ್ಪ, ಅವ್ವ, ಕೈಗೂಸು ತಮ್ಮ, ಅತ್ತೆ, ನಾನು, ಎಲ್ಲರೂ ನಡುಮನೆಯಲ್ಲೇ ಸಾಲಾಗಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ಹುಳದ ಮನೆಗೆ ಮಾತ್ರ ಸುಣ್ಣ ಬಳಿದ ಗೋಡೆ, ನಾಲ್ಕು ಕಡೆ ಜಾಲರಿ ಹೊಡೆದ ಕಿಟಕಿ, ಬೀಗ ಹಾಕುವ ಬಾಗಿಲು. ಒಳಗೆ ಹೋಗಬೇಕೆಂದರೆ ಬಾಗಿಲಲ್ಲಿಟ್ಟ ಔಷಧಿ ನೀರಿನಲ್ಲಿ ಕಾಲದ್ದಬೇಕು. ಹೊರಗಿನವರು ಇಣುಕಿದರೂ ದೃಷ್ಟಿ. ಹುಳ ಮೇಯುವಷ್ಟು ದಿನ ನಮ್ಮ ಊಟ, ನಿದ್ದೆ, ಜಗಳ ಎಲ್ಲವೂ ಅವುಗಳ ಹಸಿವಿಗೆ ಹೊಂದಿಕೊಂಡು ನಡೆಯುತ್ತಿತ್ತು. ಬೇಸಿಗೆಯ ಕಡು ಬಿಸಿಲಿಗೆ ಹುಳ ತಡೆಯುವುದಿಲ್ಲವೆಂದು ತಾತ ಒಂದು ಬೆಳೆ ಬಿಡುತ್ತಿದ್ದರು. ಆಗ ಬಿದಿರಿನ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದೆವು, ಕೋಣೆ ಖಾಲಿಯಾಗಿ ಸುಣ್ಣದ ವಾಸನೆ ಹೊಡೆಯುತ್ತಿತ್ತು. ನಾನು ಓದಲು ಕಲಿತದ್ದು, ಅದರ ಜೊತೆಗೇ ತಾತನಿಗೆ ಎದುರು ನಿಲ್ಲಲು ಕಲಿತದ್ದು, ಅಂಥ ಒಂದು ಖಾಲಿ ಬೇಸಿಗೆಯಲ್ಲಿ.

ಆರನೇ ತರಗತಿ ಮುಗಿಸುವವರೆಗೂ ನನಗೆ ಓದಲು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ಈಗ ಯಾರೂ ನಂಬುವುದಿಲ್ಲ, ಆಗಲೂ ಯಾರಿಗೂ ಗೊತ್ತಿರಲಿಲ್ಲ. ಅರಸ, ಬಸವ, ಕಮಲ ಎಂಬಂಥವನ್ನು ಸರಾಗವಾಗಿ ಓದುತ್ತಿದ್ದೆ. ಒತ್ತಕ್ಷರ ಬಂದಲ್ಲಿ ನನ್ನ ಬಂಡಿ ನಿಂತೇಹೋಗುತ್ತಿತ್ತು. ಆದರೆ ನನ್ನ ಕಿವಿ ಚುರುಕು. ಮೇಷ್ಟ್ರು ಒಮ್ಮೆ ಓದಿದರೆ ಪಾಠ ಪೂರ್ತಿ ಬಾಯಿಗೆ ಬರುತ್ತಿತ್ತು, ನನ್ನ ಸರದಿ ಬಂದಾಗ ಪುಸ್ತಕದ ಮೇಲೆ ಬೆರಳು ಓಡಿಸುತ್ತ ಬಾಯಿಪಾಠ ಒಪ್ಪಿಸುತ್ತಿದ್ದೆ. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದೂ ನನಗೆ ಸಿದ್ಧಿಸಿತ್ತು. ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಊರಿನ ಜಗಳಗಳನ್ನೆಲ್ಲ ಜಗಲಿಯಲ್ಲಿ ಕೂತು ಬಗೆಹರಿಸುತ್ತಿದ್ದ ಅವರು, ಮನೆಗೆ ಬಂದ ಕಾಗದಗಳನ್ನು ನನ್ನ ಕೈಗೆ ಕೊಟ್ಟು, ಬಂದವರ ಮುಂದೆ 'ನಮ್ ಬಾಗ್ಯ ಓದ್ತಾಳೆ' ಎಂದು ಹೆಮ್ಮೆಪಡುತ್ತಿದ್ದರು. ನಾನು ಓದುತ್ತಿದ್ದೆ. ಅರ್ಧ ಕಾಗದದಲ್ಲಿದ್ದದ್ದು, ಅರ್ಧ ನನ್ನದು.

ಆ ವರ್ಷ ತಾತನ ಸೋಲೂರಿನ ಗೆಳೆಯರೊಬ್ಬರ ಮನೆಯಿಂದ ಮದುವೆ ಕರೆಯೋಲೆ ಅಂಚೆಯಲ್ಲಿ ಬಂತು. ಮೊಮ್ಮಗಳ ಮದುವೆ. ಗಂಡು ಚನ್ನಪಟ್ಟಣದ ಕಡೆಯವನೆಂದು ತಾತನಿಗೆ ಮೊದಲೇ ಸುದ್ದಿ ಇತ್ತು. 'ಎಲ್ಲಿ ಅಂತ ಹಾಕವ್ರೆ ನೋಡಮ್ಮಿ' ಎಂದರು. ಛತ್ರ ಎನ್ನುವುದರ ಮೊದಲ ಅಕ್ಷರ ನನ್ನ ಕಣ್ಣಿಗೆ ಬಿತ್ತು. 'ಚನ್ನಪಟ್ಣ ತಾತ' ಎಂದೆ. ಅದರ ಪಕ್ಕದಲ್ಲೇ ಮಾಗಡಿ ಎಂದಿತ್ತು. ಒತ್ತಿಲ್ಲದ ಮೂರೇ ಅಕ್ಷರ, ಕಣ್ಣುಮುಚ್ಚಿಯೂ ಓದಬಹುದಿತ್ತು. ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ.

ತಾತ ಜರಿಯಂಚಿನ ಪಂಚೆ ಉಟ್ಟು, ಮುಯ್ಯಿಗೆಂದು ತಂದಿಟ್ಟಿದ್ದ ಹಿತ್ತಾಳೆ ದೀಪವನ್ನು ಟವೆಲಿನಲ್ಲಿ ಸುತ್ತಿಕೊಂಡು ಚನ್ನಪಟ್ಟಣಕ್ಕೆ ಹೋದರು. ಅಲ್ಲಿ ಛತ್ರವೂ ಇತ್ತು, ಮದುವೆಯೂ ಇತ್ತು. ಕೂತರು, ಉಂಡರು. ದೀಪ ಕೊಡಲು ಹೋದಾಗಲೇ ಹುಡುಗಿ ಬೇರೆ ಎಂದು ಗೊತ್ತಾದದ್ದು. ಯಾರ ಕಡೆಯವರು ಯಜಮಾನ್ರೇ ಎಂದು ಒಬ್ಬರು ಕೇಳಿದರಂತೆ. ಸೋಲೂರಿನವರು ಎಂದರಂತೆ ತಾತ. ಸೋಲೂರಿನವರು ಇಲ್ಲಿ ಯಾರೂ ಇಲ್ಲವಲ್ಲ ಎನ್ನುವಷ್ಟರಲ್ಲಿ ಒಬ್ಬ ಪಡ್ಡೆ ಹುಡುಗ, 'ಬುಡಿ, ಮೂರ್ತದ ದಿಸ ಇಂಥೋರು ಹತ್ತು ಜನ ಬತ್ತಾರೆ, ಉಂಡ್ಬುಟ್ಟು ಹೋಯ್ತಾರೆ' ಎಂದು ನಕ್ಕನಂತೆ. ಹತ್ತೂರಿಗೆ ನ್ಯಾಯ ಹೇಳುವ ಮನುಷ್ಯ ಬಿಟ್ಟಿ ಊಟದವನೆನಿಸಿಕೊಂಡು ಸಂಜೆ ಬಸ್ಸಿಗೆ ವಾಪಸು ಬಂದರು. ಕರೆಯೋಲೆಯನ್ನು ಅತ್ತೆಯ ಮುಂದೆ ಎಸೆದರು. ಅತ್ತೆ ಓದಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತೆಂದು ನನಗೂ ಅರ್ಥವಾಯಿತು.

'ಆರ್ನೇ ಕ್ಲಾಸು ಪಾಸು ಅಂತಾರೆ, ನಾಕು ಅಕ್ಸರ ಬರಾಕಿಲ್ಲ' ಎಂದರು ತಾತ. 'ಸಾಕು ಇವ್ಳ ಓದು. ನಾಳಿಂದ ತೋಟಕ್ಕೆ ಬರ್ಲಿ, ಹುಳ ಮಾಡ್ದಾಗ ಸೊಪ್ಪು ಕೊಯ್ಲಿ.'

ಅಪ್ಪ ತಲೆ ತಗ್ಗಿಸಿದ. ಅವ್ವ ಒಲೆ ಊದುತ್ತಲೇ ಇದ್ದಳು. ಅತ್ತೆ ಮಾತ್ರ ಎದ್ದು ನಿಂತಳು.

'ರಜ ಮುಗಿಯೋಗಂಟ ಇವ್ಳನ್ನ ನಂಗೆ ಬುಡು. ಇಸ್ಕೂಲು ಬಾಗ್ಲು ತೆಗೆಯೋ ದಿಸ ನೀನು ಏನು ಕೊಟ್ರೂ ಓದ್ತಾಳೆ. ಓದ್ನಿಲ್ಲ ಅಂದ್ರೆ ನಾನೇ ಇವ್ಳ ಕೈಗೆ ಕುಡ್ಲು ಕೊಡ್ತೀನಿ.'

'ಸಾಕು ಅಂದ್ನಲ್ಲ!'

'ಸಾಕು ಅಂತ ನೀನು ಹೆಸ್ರು ಮಾತ್ರ ಇಟ್ಟಿರಾದು ಕಣಪ್ಪ. ನಂಗೆ ಅದು ಹತ್ನಿಲ್ಲ.'

ಅತ್ತೆಯ ಹೆಸರು ಸಾಕಮ್ಮ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣಾದಾಗ, ಇನ್ನು ಸಾಕೆಂದು ದೇವರಿಗೆ ತಿಳಿಯಲಿ ಎಂದು ಇಟ್ಟ ಹೆಸರು. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು ಅವಳೊಬ್ಬಳೇ. ಮದುವೆಯಾಗಿ ಎರಡು ವರ್ಷಕ್ಕೆ ಒಂದು ಟ್ರಂಕಿನೊಂದಿಗೆ ತವರಿಗೆ ವಾಪಸು ಬಂದಿದ್ದಳು. ಯಾಕಮ್ಮಿ ಬಂದ್ಬುಟ್ಟೆ ಎಂದು ಯಾರಾದರೂ ಕೇಳಿದರೆ 'ಬಸ್ಸಿತ್ತು, ಬಂದೆ' ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿಗೆ ಅವಳ ಬಾಯಿಂದ ಯಾರಿಗೂ ಏನೂ ಸಿಗಲಿಲ್ಲ. ಹಾಗೆ ಬಂದವಳ ಕೈಗೆ ತಾತ ಮನೆಯ ಕಾಗದ ಕೊಡುತ್ತಿರಲಿಲ್ಲ.

'ಆಗ್ಲಿ, ರಜ ಮುಗಿಯೋಗಂಟ ಅಷ್ಟೇಯ' ಎಂದು ತಾತ ಆ ರಾತ್ರಿ ಮಾತು ಕೊಟ್ಟರು. ಮರುದಿನ ಬೆಳಿಗ್ಗೆಯೇ ಅತ್ತೆ ಖಾಲಿ ಹುಳದ ಮನೆಯ ಬಾಗಿಲು ತೆಗೆದಳು. ಮನೆಯಲ್ಲಿ ನನ್ನ ಶಾಲೆಯ ಪುಸ್ತಕ ಬಿಟ್ಟರೆ ಬೇರೆ ಪುಸ್ತಕವಿರಲಿಲ್ಲ. ಅದು ನನಗೆ ಬಾಯಿಗೆ ಬರುತ್ತಿದ್ದುದರಿಂದ ಅದನ್ನು ಅವಳು ಅಟ್ಟಕ್ಕೆ ಎಸೆದಳು. ಹುಳದ ತಟ್ಟೆಗೆ ಹಾಸುತ್ತಿದ್ದ ಹಳೆಯ ಪೇಪರುಗಳ ಕಟ್ಟನ್ನು ಬಿಚ್ಚಿದಳು. ಸೊಪ್ಪಿನ ಕಲೆ, ಹುಳದ ಹಿಕ್ಕೆಯ ಚುಕ್ಕೆ ತುಂಬಿದ ಹಾಳೆಗಳು. ಒಂದನ್ನು ನನ್ನ ಮುಂದೆ ಹರಡಿ ಕೊನೆಯ ಪದದಿಂದ ಹಿಂದಕ್ಕೆ ಓದು ಎಂದಳು. ಹಿಂದಕ್ಕೆ ಓದುವಾಗ ಊಹೆಗೆ ಜಾಗವಿರುವುದಿಲ್ಲ. ಕಳ್ಳಿಯನ್ನು ಹಿಡಿಯುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಮೊದಲ ದಿನ ನಾನು ಮೂರು ಸಾಲು ಓದಿದೆ, ಮೂರು ಸಲ ಕಣ್ಣೀರು ಹಾಕಿದೆ. ಅವಳು ಸಮಾಧಾನ ಮಾಡಲಿಲ್ಲ. ಮೊರದಲ್ಲಿ ರಾಗಿ ಹರಡಿ ಬೆರಳಿನಿಂದ ಒತ್ತುಗಳನ್ನು ತೀಡಿಸಿದಳು.

'ಒಂಟೆತ್ತಲ್ಲಿ ಬೇಸಾಯ ಆಗಾಕಿಲ್ಲ' ಎಂದು ಮೂರನೇ ದಿನ ಊರೊಳಗೆ ಹೋಗಿ ಮಕ್ಕಳನ್ನು ಕೂಡಿಸಿಕೊಂಡು ಬಂದಳು. ಐದು ಮಂದಿ ನಮ್ಮ ಬೀದಿಯವರು. ಆರನೆಯವಳು ಊರಾಚೆಯ ಕಾಲೋನಿಯ ಶಿವಮ್ಮ, ನನ್ನದೇ ತರಗತಿಯವಳು. ತರಗತಿಯಲ್ಲಿ ಗೋಡೆಯ ಪಕ್ಕ ಬೇರೆಯೇ ಕೂರುತ್ತಿದ್ದಳು. ನೀರು ಹರಿದಂತೆ ಓದುತ್ತಿದ್ದಳು. ಅತ್ತೆ ಅವಳನ್ನು ನನ್ನ ಪಕ್ಕಕ್ಕೇ ಕೂರಿಸಿದಳು. 'ಇವ್ಳಿಗೆ ಒತ್ತು ಬರಾಕಿಲ್ಲ. ನೀನು ಕಲ್ಸು' ಎಂದಳು, ಎಲ್ಲರಿಗೂ ಕೇಳುವಂತೆ. ನನಗೆ ಮುಖ ಉರಿಯಿತು. ಕಾಲೋನಿಯ ಹುಡುಗಿ ನನಗೆ ಕಲಿಸುವುದೇ ಎಂದು ಆ ಕ್ಷಣ ನನಗೆ ಅನ್ನಿಸಿದ್ದು ನಿಜ. ಹನ್ನೊಂದು ವರ್ಷ ಆ ಮನೆಯ ಮುದ್ದೆ ಉಂಡವಳಿಗೆ ಬೇರೆ ಏನು ಅನ್ನಿಸಬೇಕಿತ್ತು? ಅದನ್ನು ಇಲ್ಲಿ ಮುಚ್ಚಿಟ್ಟರೆ ಈ ಅಧ್ಯಾಯ ಬರೆಯುವುದರಲ್ಲಿ ಅರ್ಥವಿಲ್ಲ. ಶಿವಮ್ಮ ಏನನ್ನೂ ಲೆಕ್ಕಿಸದೆ ನನ್ನ ಬೆರಳು ಹಿಡಿದು ಹಾಳೆಯ ಮೇಲಿಟ್ಟು, 'ಮ್ಯಾಲಿನ್ದು ಮೊದ್ಲು ಯೋಳು, ಕೆಳಗಿನ್ದು ಅದರ ಬೆನ್ನ ಮ್ಯಾಲೆ ಕೂರ್ಸು' ಎಂದಳು. ಅಷ್ಟೇ. ಆರು ವರ್ಷ ಯಾವ ಮೇಷ್ಟ್ರೂ ಹಾಗೆ ಹೇಳಿರಲಿಲ್ಲ. ಕೆಳಗಿನದು ಮೇಲಿನದರ ಬೆನ್ನ ಮೇಲೆ ಕೂತ ಆ ಮಧ್ಯಾಹ್ನವೇ ನಾನು ಅಕ್ಕ, ಹಳ್ಳಿ, ಕಷ್ಟ, ರಾತ್ರಿ ಎಂದು ಒಂದರ ಹಿಂದೆ ಒಂದು ಓದಿದೆ.

ನಾಲ್ಕನೇ ದಿನ ತಾತ ತೋಟದಿಂದ ಬೇಗ ಬಂದರು. ಹುಳದ ಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಶಿವಮ್ಮನ ಬಳಿ ಬಂದಾಗ ಅವರ ಕಣ್ಣು ನಿಂತಿತು.

'ಯಾರ ಮಗ್ಳಮ್ಮಿ ನೀನು?'

ಶಿವಮ್ಮ ಎದ್ದು ನಿಂತು ಅಪ್ಪನ ಹೆಸರು ಹೇಳಿದಳು. ತಾತ ಅತ್ತೆಯ ಕಡೆ ತಿರುಗಿದರು.

'ನಾಳಿಕ್ಕೆ ಮೊಟ್ಟೆ ತಂದು ಹುಳ ಮಾಡೋ ಜಾಗ ಇದು. ಲಕ್ಸ್ಮಿ ಇರೋ ಜಾಗ.'

'ಹುಳುಕ್ಕೆ ಜಾತಿ ಐತೇನಪ್ಪ? ಇವ್ರಪ್ಪ ಕೊಯ್ದ ಸೊಪ್ಪನ್ನೇ ಅಲ್ವಾ ತಿನ್ನಾದು ಅವು?'

ತಾತ ಮಕ್ಕಳನ್ನೆಲ್ಲ ಹೊರಕ್ಕೆ ಕಳಿಸಿ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಜಗಲಿಯೂ ಆಗದು ಎಂದರು. ಅತ್ತೆ ಪೇಪರಿನ ಕಟ್ಟನ್ನು ತಲೆಯ ಮೇಲೆ ಹೊತ್ತು ನಡೆದಳು, ನಾವು ಹಿಂದೆ ಹೋದೆವು. ಊರಿಗೂ ಕಾಲೋನಿಗೂ ನಡುವೆ, ರಸ್ತೆಯ ಪಕ್ಕ ಒಂದು ಹೊಂಗೆ ಮರವಿತ್ತು. ಅದರ ನೆರಳಿನಲ್ಲಿ ಕಟ್ಟು ಇಳಿಸಿ ಅತ್ತೆ ಹೇಳಿದಳು: 'ರಸ್ತೆ ಸರ್ಕಾರದ್ದು. ಇಲ್ಲಿಂದ ಏಳ್ಸಾಕೆ ಯಾರು ಬತ್ತಾರೋ ಬರ್ಲಿ.' ಯಾರೂ ಬರಲಿಲ್ಲ. ಆದರೆ ನಮ್ಮ ಬೀದಿಯ ಐದರಲ್ಲಿ ಮೂರು ಮಕ್ಕಳು ಮರುದಿನದಿಂದ ಬರುವುದನ್ನು ನಿಲ್ಲಿಸಿದರು. ಆ ಜಾಗಕ್ಕೆ ಕಾಲೋನಿಯಿಂದ ಏಳು ಮಂದಿ ಬಂದರು.

ತಾತ ಅತ್ತೆಗೆ ಕೊಟ್ಟ ಮಾತನ್ನು ಮುರಿಯಲಿಲ್ಲ. ಮಾತಿಗೆ ತಪ್ಪುವವರಲ್ಲ ಅವರು. ನನ್ನನ್ನು ಮರದ ಕೆಳಗೆ ಹೋಗಬೇಡ ಎನ್ನಲಿಲ್ಲ. ಬದಲಿಗೆ, ಅಲ್ಲಿ ಕೂತು ಬಂದವರು ಹಿತ್ತಲಲ್ಲಿ ತಲೆಗೆ ನೀರು ಹುಯ್ದುಕೊಂಡೇ ಒಳಕ್ಕೆ ಬರಬೇಕೆಂದು ಕಟ್ಟಳೆ ಮಾಡಿದರು. ಮೊದಲ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಅವ್ವ ಬಿಂದಿಗೆ ಹಿಡಿದು ಕಾಯುತ್ತಿದ್ದಳು. ನಾನು ಸುಮ್ಮನೆ ಬಗ್ಗಿದೆ. ಸೆಕೆಗೆ ತಣ್ಣೀರು ಹಿತವಾಗಿಯೇ ಇತ್ತು. ಉಂಡು ಮತ್ತೆ ಮರದ ಕೆಳಗೆ ಓಡಿದೆ. ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಶಿವಮ್ಮ ನನ್ನ ತಲೆ ನೋಡಿದಳು.

'ಬೆಳಿಗ್ಗೆ ಎಣ್ಣೆ ಹಾಕಿ ಬಾಚ್ಕೊಂಡು ಬಂದಿದ್ದೆಯಲ್ಲ?'

'ಸೆಕೆ ಅಂತ ಹುಯ್ಕೊಂಡೆ' ಎಂದೆ.

'ನನ್ನ ಮುಟ್ಟಿದ್ದಕ್ಕಾ?'

ನಾನು ಪೇಪರು ನೋಡುತ್ತಾ ಕೂತೆ. ಅವಳು ಒಂದು ಮಾರು ಹಿಂದಕ್ಕೆ ಸರಿದು ಕೂತಳು. ಹೊಂಗೆಯ ಒಂದು ಕಡ್ಡಿ ಮುರಿದುಕೊಂಡು, ಅದರ ತುದಿಯಿಂದ ಅಕ್ಷರ ತೋರಿಸುತ್ತಾ ಎಂದಿನಂತೆಯೇ ಕಲಿಸಿದಳು. ದನಿಯಲ್ಲಿ ಕೋಪವಿರಲಿಲ್ಲ. ಬೆರಳು ಮಾತ್ರ ನನ್ನ ಬೆರಳನ್ನು ಮುಟ್ಟಲಿಲ್ಲ. ಆ ಮಧ್ಯಾಹ್ನ ನಾನು ಒಂದು ತಪ್ಪೂ ಇಲ್ಲದೆ ಓದಿದೆ. ಒಂದು ಪದವೂ ತಲೆಯೊಳಗೆ ಹೋಗಲಿಲ್ಲ.

ಮರುದಿನ ಹಿತ್ತಲಲ್ಲಿ ಅವ್ವ ಬಿಂದಿಗೆ ಎತ್ತಿದಾಗ ನಾನು ಹಿಂದಕ್ಕೆ ಸರಿದೆ.

'ಹುಯ್ಬ್ಯಾಡ.'

'ಹಟ ಮಾಡ್ಬ್ಯಾಡ ಕಣಮ್ಮಿ, ನಿಮ್ತಾತ ನೋಡ್ತಾವ್ರೆ.'

'ನೋಡ್ಲಿ. ನಾನು ಕೊಳಕಾಗಿಲ್ಲ.'

ತಾತ ನಡುಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದರು. 'ಹುಯ್ಕೊಳ್ದಿದ್ರೆ ಒಳಗೆ ಉಣ್ಣಾಕಿಲ್ಲ' ಎಂದರು, ತಲೆ ಎತ್ತದೆ. ಆಗಲಿ ಎಂದೆ. ದನದ ಕೊಟ್ಟಿಗೆಗೆ ಹೋಗಿ ಗೋದಲಿಯ ಕಟ್ಟೆಯ ಮೇಲೆ ಕೂತೆ. ಹೊಟ್ಟೆ ಹಸಿದಿತ್ತು. ಯಾರಾದರೂ ಕರೆದರೆ ಹೋಗಿಬಿಡುತ್ತೇನೇನೋ ಎಂಬ ಭಯವೂ ಇತ್ತು. ಸ್ವಲ್ಪ ಹೊತ್ತಿಗೆ ಅವ್ವ ಸೆರಗಿನಡಿ ತಟ್ಟೆ ಮುಚ್ಚಿಕೊಂಡು ಬಂದಳು. ಮುದ್ದೆ, ಹುರುಳಿ ಸಾರು. ಸಾರಿನಲ್ಲಿ ಎಂದೂ ನನ್ನ ಪಾಲಿಗೆ ಬಾರದಷ್ಟು ತುಪ್ಪ. ನಾನು ಉಂಡು ಮುಗಿಸುವವರೆಗೂ ಅವ್ವ ಎಮ್ಮೆಯ ಬೆನ್ನು ಸವರುತ್ತಾ ನಿಂತಿದ್ದಳು. ಅಂದಿನಿಂದ ರಜೆ ಮುಗಿಯುವವರೆಗೂ ನನ್ನ ಊಟ ಕೊಟ್ಟಿಗೆಯಲ್ಲೇ, ರಾತ್ರಿ ಅತ್ತೆಯ ಜೊತೆ ಮಲಗುವುದೂ ಅಲ್ಲೇ. ಅತ್ತೆಯಂತೂ ಮರದ ಕೆಳಗೇ ಬುತ್ತಿ ಬಿಚ್ಚುತ್ತಿದ್ದಳು.

ಒಣಗಿದ ತಲೆಯಲ್ಲಿ ಮರದ ಕೆಳಗೆ ಹೋದಾಗ ಶಿವಮ್ಮ ನೋಡಿದಳು. ಎರಡು ದಿನ ಅವಳು ಕಡ್ಡಿ ಬಿಡಲಿಲ್ಲ. ಮೂರನೇ ದಿನ 'ಕ್ಷ್ಮ' ಎಂಬ ಅಕ್ಷರದ ಹತ್ತಿರ ನಾನು ತಡವರಿಸಿದಾಗ ಕಡ್ಡಿ ಬಿಸಾಡಿ ನನ್ನ ಬೆರಳನ್ನು ಹಿಡಿದು ಅದರ ಮೇಲೆ ಒತ್ತಿದಳು. 'ಮೂರ್ ಜನ ಒಬ್ರ ಮ್ಯಾಲೊಬ್ರು ಕೂತವ್ರೆ ಇಲ್ಲಿ. ಬೀಳುಸ್ಬ್ಯಾಡ' ಎಂದಳು. ಇಬ್ಬರೂ ನಕ್ಕೆವು.

ಈಗ ಕನಕಪುರದ ನಮ್ಮ ಬೀದಿಯಲ್ಲಿ ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರದ ಬ್ಯಾನರುಗಳು ಕಂಬಕಂಬಕ್ಕೆ ಬೀಳುತ್ತವೆ. ಈಜು, ಚಿತ್ರಕಲೆ, ಅಬಾಕಸ್. ನಿಮ್ಮ ಕಾಲದಲ್ಲಿ ಕ್ಯಾಂಪ್ ಇತ್ತಾ ಅಜ್ಜಿ ಎಂದು ಮೊಮ್ಮಗಳು ಕೇಳುತ್ತಾಳೆ. ಇತ್ತು ಎನ್ನುತ್ತೇನೆ. ಪಾಪ, ರಜದಲ್ಲಾದರೂ ಮಕ್ಕಳನ್ನು ಆಡಲು ಬಿಡಿ ಎನ್ನುವವರ ಮಾತನ್ನು ಕೇಳಿಸಿಕೊಳ್ಳುತ್ತೇನೆ, ಒಪ್ಪುವುದಿಲ್ಲ. ನಮ್ಮ ಊರಿನಲ್ಲಿ ರಜ ಎಂದರೆ ಮಕ್ಕಳು ಶಾಲೆಯಿಂದ ಉದುರಿಹೋಗುವ ಕಾಲ. ಸೊಪ್ಪಿಗೆ ಹೋದವಳು ಸೊಪ್ಪಿಗೇ, ಕುರಿಗೆ ಹೋದವನು ಕುರಿಗೇ. ಜೂನ್ ತಿಂಗಳಲ್ಲಿ ಹಾಜರಿ ಕೂಗಿದಾಗ ಉತ್ತರ ಬಾರದ ಹೆಸರುಗಳ ಮೇಲೆ ಮೇಷ್ಟ್ರು ಗೆರೆ ಎಳೆಯುತ್ತಿದ್ದರು. ಆ ಗೆರೆಯ ಕೆಳಗೆ ಒಂದು ಹೆಸರನ್ನೂ ಬಿಡುವುದಿಲ್ಲವೆಂದು ಅತ್ತೆ ಆ ಎರಡು ತಿಂಗಳು ರಸ್ತೆಯಲ್ಲಿ ಕೂತಿದ್ದಳು. ಆ ವರ್ಷ ಮರದ ಕೆಳಗೆ ಕೂತ ಹನ್ನೊಂದು ಮಕ್ಕಳೂ ಶಾಲೆಗೆ ವಾಪಸಾದೆವು.

ಶಾಲೆ ತೆರೆಯುವ ಹಿಂದಿನ ದಿನ ತಾತ ಕೋಡಿಹಳ್ಳಿಯಿಂದ ಅಂದಿನ ಪೇಪರು ತಂದರು. ಜಗಲಿಯ ಕೆಳಗೆ ನನ್ನನ್ನು ನಿಲ್ಲಿಸಿದರು. ಅಪ್ಪ, ಅವ್ವ, ಅತ್ತೆ ಬಾಗಿಲಲ್ಲಿ ನಿಂತರು. ತಾತ ಹಾಳೆ ತಿರುವಿ ಮಧ್ಯದಲ್ಲೆಲ್ಲೋ ಬೆರಳಿಟ್ಟು ಓದು ಎಂದರು. ಮಾರುಕಟ್ಟೆಗೆ ಬಂದ ರೇಷ್ಮೆ ಗೂಡಿನ ಸುದ್ದಿ. ಓದಿದೆ. ಪುಟ ತಿರುವಿ ಇನ್ನೊಂದು ಕಡೆ ಬೆರಳಿಟ್ಟರು. ಓದಿದೆ. ಮೂರನೆಯದನ್ನೂ ಓದಿದೆ. ನಾನು ಮತ್ತೆ ಸುಳ್ಳು ಹೇಳುತ್ತಿದ್ದೇನೆಯೋ ಎಂದು ತಿಳಿಯಲು ತಾತ ಅತ್ತೆಯ ಮುಖ ನೋಡಲಿಲ್ಲ, ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವರನ್ನು ಕರೆದು ಅದೇ ಸಾಲುಗಳನ್ನು ಓದಿಸಿದರು. ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು.

'ಹ್ಞೂಂ. ಹೋಗ್ಲಿ ಇಸ್ಕೂಲಿಗೆ' ಎಂದರು. ಅವರ ಮುಖದಲ್ಲಿ ಸಂತೋಷವೇ ಕಂಡಿತು. 'ಇನ್ಮ್ಯಾಕೆ ಕಾಗ್ದ ಬಂದ್ರೆ ಸರ್ಯಾಗಿ ಓದ್ಬೇಕು. ಬಾ, ಒಳಕ್ಕೆ ಬಂದು ಉಣ್ಣು.'

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಸುಖವಾಗುತ್ತಿತ್ತು. ನನ್ನ ಬಾಯಿ ನಿಲ್ಲಲಿಲ್ಲ.

'ನಂಗೆ ಓದ್ಸಿದ್ದು ಶಿವಮ್ಮ. ಅವ್ಳು ನಮ್ ಜಗ್ಲಿ ಮ್ಯಾಲೆ ಬಂದು ಕೂತ್ಕೋಬೌದಾ ತಾತ?'

'ಅದ್ಯಾಕೆ ಈಗ?'

'ಬೌದಾ?'

'ಇಲ್ಲ.'

'ಅಂಗಾದ್ರೆ ನಿನ್ ಕಾಗ್ದ ನಾನು ಓದಾಕಿಲ್ಲ.'

ಅಪ್ಪ ಅದುವರೆಗೂ ನನ್ನ ಮೇಲೆ ಕೈ ಮಾಡಿದವನಲ್ಲ, ಅಂದು ಮಾಡಿದ. ಕೆನ್ನೆ ಹಿಡಿದುಕೊಂಡು ನಿಂತೆ. ಅತ್ತೆ ಅಡ್ಡ ಬಂದಳು. ತಾತ ಮಾತ್ರ ಅಪ್ಪನಿಗೆ 'ಬುಡ್ಲಾ' ಎಂದು ಗದರಿ, ನನ್ನನ್ನೇ ತುಂಬ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ನಮ್ಮಿಬ್ಬರ ಹಟವೂ ಒಂದೇ ಬಾವಿಯ ನೀರೆಂದು ಅವರಿಗೆ ಹೊಳೆದಿರಬೇಕು.

ನನ್ನ ಮಾತನ್ನು ನಾನು ನಡೆಸಿದೆ, ಅವರ ಮಾತನ್ನು ಅವರು. ಅತ್ತೆಯ ಬಳಿಯೂ ತಾತ ಓದಿಸಲಿಲ್ಲ. ಕಾಗದ ಬಂದರೆ ಅಂಚೆಯವರ ಬಳಿಯೇ ಕೇಳುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಮತ್ತೆ ಹೊಂಗೆ ಮರದ ಕೆಳಗೆ ಸೇರಿದೆವು, ಈ ಸಲ ಹದಿನಾಲ್ಕು ಮಂದಿ. ಅತ್ತೆ ಚಿಕ್ಕವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು, ಶಿವಮ್ಮ ಮತ್ತು ನಾನು ಓದಿಸುತ್ತಿದ್ದೆವು. ಒಂದು ದಿನ ಅತ್ತೆ ಸಾಮಾನು ತರಲೆಂದು ಕನಕಪುರಕ್ಕೆ ಹೋಗಿದ್ದಳು. ಬಿಸಿಲು ಏರಿದ ಹೊತ್ತಿಗೆ ತಾತ ನಮ್ಮ ಕಡೆಗೇ ನಡೆದು ಬರುವುದು ಕಾಣಿಸಿತು. ಕೈಯಲ್ಲಿ ಒಂದು ಇನ್ಲ್ಯಾಂಡ್ ಕಾಗದ. ಅಂಚೆಯವರು ರಜೆಯ ಮೇಲಿದ್ದು ಬೇರೆ ಯಾರೋ ತಂದು ಜಗಲಿಗೆ ಎಸೆದು ಹೋಗಿದ್ದರಂತೆ. ನೆರಳಿನ ಅಂಚಿನಲ್ಲಿ, ಬಿಸಿಲಿನಲ್ಲೇ ನಿಂತು ಕಾಗದ ಚಾಚಿದರು.

'ಒಸಿ ನೋಡಮ್ಮಿ, ಏನಂತ.'

ಅವರು ನನ್ನನ್ನು ಕೇಳಿದ್ದು ಒಂದು ವರ್ಷದ ಮೇಲೆ. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ.

'ಶಿವಮ್ಮ ಓದ್ತಾಳೆ ತಾತ. ಅವ್ಳ ಕೈಗೆ ಕೊಡು.'

ಶಿವಮ್ಮ ಎದ್ದು ನಿಂತಿದ್ದಳು. ತಾತ ಅವಳನ್ನು ನೋಡಿದರು, ಕಾಗದ ನೋಡಿದರು. ಕೊಟ್ಟುಬಿಡುತ್ತಾರೆ ಎಂದು ನನಗೆ ಒಂದು ಕ್ಷಣ ನಿಜಕ್ಕೂ ಅನ್ನಿಸಿತ್ತು. ಅವರು ಕಾಗದವನ್ನು ಮಡಿಸಿ ಬನಿಯನ್ನಿನ ಜೇಬಿಗೆ ಇಟ್ಟುಕೊಂಡು, ಟವೆಲನ್ನು ತಲೆಗೆ ಸುತ್ತಿ, ಕೋಡಿಹಳ್ಳಿಯ ದಾರಿ ಹಿಡಿದರು. ಅರ್ಧ ಗಂಟೆಯ ಹಾದಿ, ನೆತ್ತಿಯ ಮೇಲೆ ಸೂರ್ಯ. ಕಾಗದ ದೊಡ್ಡಆಲಹಳ್ಳಿಯ ಅವರ ಅಕ್ಕನ ಮನೆಯಿಂದ ಬಂದದ್ದು, ಅಕ್ಕನಿಗೆ ಹುಷಾರಿಲ್ಲ, ಬೇಗ ಬಾ ಎಂದು ಬರೆದಿತ್ತು ಎಂಬುದು ನಮಗೆ ಸಂಜೆ ತಿಳಿಯಿತು. ತಾತ ಕೋಡಿಹಳ್ಳಿಯಲ್ಲಿ ಓದಿಸಿಕೊಂಡು ಅಲ್ಲಿಂದಲೇ ಬಸ್ಸು ಹತ್ತಿ ಹೋಗಿದ್ದರು. ಅಕ್ಕ ಬದುಕಿಕೊಂಡರು. ಬದುಕದಿದ್ದರೆ ಏನು ಮಾಡುತ್ತಿದ್ದೆ ಎಂದು ನಮ್ಮ ಮನೆಯವರು ನನ್ನನ್ನು ಎಷ್ಟೋ ವರ್ಷ ಕೇಳಿದ್ದಾರೆ. ಗೊತ್ತಿಲ್ಲ. ತಾತನನ್ನು ಯಾಕೆ ಕೇಳಲಿಲ್ಲ, ಕಾಗದ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು? ಶಿವಮ್ಮ ಈಗ ರಾಮನಗರದಲ್ಲಿ ನರ್ಸು. ಇದನ್ನೆಲ್ಲ ಬರೆಯುತ್ತೇನೆ ಎಂದಾಗ ನಕ್ಕಳು. 'ಕೊಟ್ಟಿಗೇಲಿ ತುಪ್ಪ ಹಾಕ್ಕೊಂಡು ಉಂಡಿದ್ದನ್ನ ದೊಡ್ಡ ಸಾಹಸ ಅಂತ ಬರೀಬ್ಯಾಡ' ಎಂದಳು. ಬರೆಯುವುದಿಲ್ಲ. ನನಗೆ ಅದು ಒಂದು ಬೇಸಿಗೆ, ಅವಳಿಗೆ ವರ್ಷದ ಎಲ್ಲ ದಿನ.

ಅಂದು ತಾತ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಮಕ್ಕಳೆಲ್ಲ ಸುಮ್ಮನೆ ನೋಡುತ್ತಿದ್ದರು. ಕೂಗಿ ಕರೆದರೆ ಕೇಳಿಸುವಷ್ಟು ದೂರದಲ್ಲೇ ಇದ್ದರು. ನಾನು ಕರೆಯಲಿಲ್ಲ. ಶಿವಮ್ಮ ಇನ್ನೂ ನಿಂತೇ ಇದ್ದಳು, ಅವಳ ಕೈಯಲ್ಲಿ ಅವಳು ಓದಿಸುತ್ತಿದ್ದ ಪೇಪರಿನ ಹಾಳೆ ಹಾಗೇ ಇತ್ತು.

'ಕೂತ್ಕೊ' ಎಂದೆ. 'ಎಲ್ಲಿಗೆ ನಿಲ್ಸಿದ್ದೆ? ಅಲ್ಲಿಂದ ಮುಂದಕ್ಕೆ ಓದ್ಸು.'